ಒಗ್ಗರಣೆ ಡಬ್ಬಿಯ ತಕರಾರು

ಬಳ್ಳಾರಿ ಸೀಮೆಯ ಚರಿತ್ರೆ ಬರೆದವರು ಕೋಟೆ ಕಾಳಗಗಳನ್ನಷ್ಟೇ ಬರೆದು ಕೈತೊಳೆದುಕೊಂಡಿದ್ದಾರೆ. ಕ್ರಿಸ್‌ಮಸ್ ರಜೆಯ ಒಂದು ಬೆಳಗ್ಗೆ, ಸಿರುಗುಪ್ಪ ರಸ್ತೆಯ ‘ಜಲಲೋಕ’ ಪಾರ್ಕಿನ ಗೇಟಿನಲ್ಲಿ, ಒಂದು ಡಬ್ಬಿ ಮಂಡಾಳ ಒಗ್ಗರಣೆಗಾಗಿ, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿಗಾಗಿ, ನಡೆದ ಯುದ್ಧ ಅವರ ಕಣ್ಣಿಗೆ ಬಿದ್ದಂತಿಲ್ಲ. ಆ ಲೋಪವನ್ನು ಇಲ್ಲಿ ಸರಿಪಡಿಸಲಾಗಿದೆ.

“ಒಗ್ಗರಣಿ ಒಳಗ ಬಿಡಂಗಿಲ್ರಿ,” ಎಂದ ಕಾವಲುಗಾರ, ಚೀಲದೊಳಗಿನ ಡಬ್ಬಿಯ ಮುಚ್ಚಳ ತಟ್ಟಿ.

“ಯಾಕ ಬಿಡಂಗಿಲ್ಲ? ಅದರಾಗೇನು ಬಾಂಬ್ ಐತೇನ್ರಿ?” ಅಂಬಮ್ಮ ಡಬ್ಬಿ ಕಿತ್ತುಕೊಂಡು, ಮುಚ್ಚಳ ತೆರೆದು, ಅವನ ಮೂಗಿನ ಕೆಳಗೇ ಹಿಡಿದಳು. “ನೋಡ್ರಿ, ಕಣ್ಣು ತೆರದು ನೋಡ್ರಿ!”

ಕಾವಲುಗಾರ ನೋಡಿದ. ಉಗುಳು ನುಂಗಿದ. ಬೋರ್ಡಿನತ್ತ ಬೆರಳು ತೋರಿಸಿದ.

ಅಂಬಮ್ಮ ಸರದಿಗೆಲ್ಲ ಕೇಳುವಂತೆ ಓದಿದಳು. “‘ಹೊರಗಿನ ತಿಂಡಿ ತರುವಂತಿಲ್ಲ. ಎಲೆ ಅಡಿಕೆ ಉಗುಳುವಂತಿಲ್ಲ. ಕೆಲಸಗಾರರ ಮನೆಯವರಿಗೆ ಪ್ರವೇಶವಿಲ್ಲ. ಸೀರೆಯುಟ್ಟು ನೀರಿಗೆ ಇಳಿಯುವಂತಿಲ್ಲ.’ ಮತ್ತ ಒಳಗ ಹೋಗೋರು ಯಾರ್ರಿ? ಲಾರಿ ಧಣಿಗಳಷ್ಟ?”

ಅದು ಮಣ್ಣೇ ಹೊನ್ನಾಗಿದ್ದ ಕಾಲ. ಗುಡ್ಡಗಳು ಲಾರಿಯೇರಿ, ಹಡಗೇರಿ ಚೀನಾಕ್ಕೆ ಹೋಗುತ್ತಿದ್ದವು. ಗುಡ್ಡ ಕಳೆದುಕೊಂಡ ಊರಿಗೆ ಧಣಿಯೊಬ್ಬರು ಸಿಮೆಂಟಿನ ಗುಡ್ಡ ಕಟ್ಟಿಸಿ, ಅದರ ತಲೆಯಿಂದ ನೀರು ಬಿಟ್ಟು, ಜಾರಲು ಟಿಕೆಟ್ ಇಟ್ಟಿದ್ದರು. ಕುರುಗೋಡಿನ ಅಂಬಮ್ಮನಂಥವರಿಗೆ ಆ ಟಿಕೆಟ್ ಗುಡ್ಡಕ್ಕಿಂತ ಎತ್ತರ. ಧಣಿ ಹೊಸ ವರ್ಷಕ್ಕೆ ಹೆಲಿಕಾಪ್ಟರಿನಲ್ಲಿ ಬರುವವರಿದ್ದರು. ಅಲ್ಲಿಯವರೆಗೆ ಗೇಟಿನಲ್ಲಿ ಗದ್ದಲ ಕೇಳಿಸಕೂಡದು, ಕೇಳಿಸಿದರೆ ಗದ್ದಲ ಮಾಡಿದವರನ್ನು ಟಿಕೆಟ್ ಇಲ್ಲದೆ ಒಳಗೆ ಬಿಟ್ಟಾದರೂ ಬಾಯಿ ಮುಚ್ಚಿಸಬೇಕು ಎಂದು ಅಪ್ಪಣೆಯಾಗಿತ್ತು. ಇದು ಗೇಟಿನ ಸಿಬ್ಬಂದಿಗೆಲ್ಲ ಗೊತ್ತಿದ್ದ ಗುಟ್ಟು.

“ದಸರಾಕ್ಕ ಬರ್ರಿ ಅಂದ್ರಿ. ದೀಪಾವಳಿಗೆ ಬರ್ರಿ ಅಂದ್ರಿ. ಈಗ ಬಂದ್ರ ಡಬ್ಬಿ ನೆವ ಹೇಳ್ತೀರಿ!” ಅಂಬಮ್ಮನ ದನಿ ಏರಿತು. “ನಿಮ್ಮ ಮಾತು ನಂಬಿ ನನ್ನ ಮಕ್ಳು ಕೋಳಿ ಕೂಗೂದ್ರಾಗ ಎದ್ದು ಜಳಕ ಮಾಡ್ಯಾರ. ಮಕ್ಳ ಮುಖ ನೋಡಿ ಹೇಳ್ರಿ, ಬಿಡಂಗಿಲ್ಲ ಅಂತ!”

ಕಾವಲುಗಾರ ಮಕ್ಕಳ ಮುಖವೊಂದನ್ನು ಬಿಟ್ಟು ಉಳಿದೆಲ್ಲ ಕಡೆ ನೋಡಿದ. ಮಗಳು ರಾಧಾ ಚಪ್ಪಲಿಯ ತುದಿ ನೋಡುತ್ತಿದ್ದಳು. ಚಿಕ್ಕವನು ಕಿಸಕ್ಕನೆ ನಕ್ಕ. ಅಂಬಮ್ಮ ಅವನ ತೋಳು ಚಿವುಟಿದಳು. ಅವನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

“ಏ ಯಮ್ಮಾ, ನಮಗ ದಾರಿ ಬಿಡವಾ,” ಎಂದ ಹಿಂದಿನಿಂದ ಸಿರುಗುಪ್ಪದ ರೈಸ್ ಮಿಲ್ಲಿನ ಮರಿಬಸಪ್ಪ. ಹೊಸ ಕಾರಿನ ಕೀಲಿ ಅವನ ಬೆರಳಲ್ಲಿ ಗಿರಗಿರ ತಿರುಗುತ್ತಿತ್ತು.

“ಕಾರಿನಾಗ ಬಂದೋರಿಗೆ ನಿಂತು ಕಾಲು ನೋವಾಗಿರಬೇಕು, ಒಂದು ಕುರ್ಚಿ ತಂದು ಹಾಕ್ರೋ!” ಎಂದಳು ಅಂಬಮ್ಮ. ಸರದಿ ನಕ್ಕಿತು. ಕೀಲಿ ತಿರುಗುವುದು ನಿಂತಿತು.

ಟೈ ಕಟ್ಟಿದ ಮ್ಯಾನೇಜರ್ ಓಡಿಬಂದ. ಧಣಿ ಅವನನ್ನು ಬೆಂಗಳೂರಿನಿಂದ ಕರೆಸಿದ್ದರು. ಹಬ್ಬಕ್ಕೆ ಬನ್ನಿ ಎಂಬ ಜಾಹೀರಾತಿನ ಚೀಟಿ ಹಂಚಿಸಿದ್ದು ಅವನೇ ಆದ್ದರಿಂದ, ದಸರಾ ದೀಪಾವಳಿಯ ಮಾತು ತನಗೇ ಅಂದದ್ದೆಂದು ತಿಳಿದ.

“ಏನಮ್ಮಾ ಇದು ಗಲಾಟೆ? ಕಂಪ್ಲೇಂಟ್ ಇದ್ರೆ ಕೊಡಿ. ಇವನ ಹೆಸರು ಹೇಳಿ, ಈಗಲೇ ಕ್ರಮ ತಗೋತೀನಿ.”

ಅಂಬಮ್ಮ ಮೊದಲ ಬಾರಿಗೆ ತಡವರಿಸಿದಳು. “ನಾನ್ಯಾಕ ಹೇಳ್ಲಿ? ಎದಿ ಮ್ಯಾಲ ಬರದೈತಲ್ಲ, ನೀವ ಓದಿಕೋರಿ.”

ಪಾಪ, ಓದು ಬರದವಳು ಎಂದುಕೊಂಡ ಮ್ಯಾನೇಜರ್. ಕಾವಲುಗಾರನ ಎದೆಯ ಹೆಸರುಪಟ್ಟಿಯನ್ನು ತಾನೇ ಓದಿದ. “ಹುಲುಗೇಶ. ನಾಳೆಯಿಂದ ಕೆಲಸಕ್ಕೆ ಬರಬೇಡ.”

ಚಿಕ್ಕವನ ಕೈ ಬಾಯಿಂದ ಕೆಳಗಿಳಿಯಿತು.

“ಅಯ್ಯ, ಹೊಟ್ಟಿ ಮ್ಯಾಲ ಹೊಡಿಬ್ಯಾಡ್ರಿ!” ಅಂಬಮ್ಮನ ಮುಖ ಬಿಳಿಚಿಕೊಂಡಿತ್ತು. “ಅವರಿಗೂ ಹೆಂಡ್ತಿ ಮಕ್ಳು ಇರ್ತಾರ. ಕೆಲಸ ಮಾತ್ರ ತೆಗೀಬ್ಯಾಡ್ರಿ.”

ಇಷ್ಟು ಬೈದವಳಿಗೆ ಇಷ್ಟು ಕರುಣೆಯೇ ಎಂದು ಮ್ಯಾನೇಜರ್ ಬೆರಗಾದ. “ಮತ್ತೇನು ಮಾಡಬೇಕಮ್ಮಾ?”

“ಮಕ್ಳನ್ನ ಒಳಗ ಬಿಡ್ರಿ. ಬಾಗಿಲದಾಗ ನಿಂದ್ರಿಸಿ ಮಾನ ಕಳದಾರಲ್ಲ, ಇವರೇ ನಮ್ಮ ಚೀಲ ಹೊರಬೇಕು. ಸಂಜಿ ತನಕ ಜತಿಗಿದ್ದು ಮಕ್ಳನ್ನ ಆಡಿಸ್ಬೇಕು. ಅಂದ್ರನ ನನ್ನ ಸಿಟ್ಟು ಇಳಿತೈತಿ.”

ಕೈಯಿಂದ ಬಿಡಿಗಾಸೂ ಬಿಚ್ಚಬೇಕಿಲ್ಲದ ಶಿಕ್ಷೆ. ಮ್ಯಾನೇಜರ್ ಕೂಡಲೇ ಒಪ್ಪಿದ. ಆ ದಿನದ ಪಗಾರ ಕತ್ತರಿಸುವುದಾಗಿಯೂ ಸೇರಿಸಿದ.

ಹುಲುಗೇಶ ಶಿಕ್ಷೆಯನ್ನು ಪೂರ್ತಿ ಅನುಭವಿಸಿದ. ಚೀಲ ಹೊತ್ತ. ಚಿಕ್ಕವನನ್ನು ಹೆಗಲ ಮೇಲೆ ಕೂರಿಸಿಕೊಂಡ. ಯೂನಿಫಾರಂ ಸಮೇತ ಸಿಮೆಂಟಿನ ಗುಡ್ಡದಿಂದ ಜಾರಿ ನೀರಿಗೆ ಬಿದ್ದ. ಅಂಬಮ್ಮ ದಡದಲ್ಲಿ ನಿಂತು ಬೈಯುತ್ತಲೇ ಇದ್ದಳು. “ಕೈ ಗಟ್ಟಿ ಹಿಡಕೋರಿ! ಈಗರ ಮಕ್ಳ ಕಡೆ ನೋಡ್ರಿ!” ಮರಿಬಸಪ್ಪ ಹೆಂಡತಿಗೆ ತೋರಿಸಿ, “ತಕ್ಕ ಶಾಸ್ತಿ ಆತು ನೋಡು,” ಎಂದ. ಆ ಹೊತ್ತಿಗೆ ಒಗ್ಗರಣೆಯ ಡಬ್ಬಿ ಖಾಲಿಯಾಗಿತ್ತು.

ಸಂಜೆ ಗೇಟಿನಲ್ಲಿ ಮ್ಯಾನೇಜರ್ ಕೈಮುಗಿದ. “ಸಿಟ್ಟು ಇಳೀತಾ ಅಮ್ಮಾ?”

“ಅರ್ಧ ಇಳೀತ್ರಿ. ಉಳಿದಿದ್ದು ಮನಿಗೆ ಹೋಗಿ ನೋಡ್ಕೊಂತೀನಿ.”

ಕೆಂಧೂಳಿನಲ್ಲಿ ಅದಿರಿನ ಲಾರಿಗಳ ಸಾಲು ದಾಟಿ ಕುರುಗೋಡಿನ ಬಸ್ಸು ಬಂತು. ಕಿಟಕಿಯ ಪಕ್ಕ ಚಿಕ್ಕವನು ನಿದ್ದೆಹೋದ, ಒದ್ದೆ ಯೂನಿಫಾರಮ್ಮಿನ ತೊಡೆಯ ಮೇಲೆ.

ಅಂಬಮ್ಮ ಮದುವೆಯಾದ ದಿನದಿಂದ ಗಂಡನ ಹೆಸರನ್ನು ಬಾಯಲ್ಲಿ ಆಡಿದವಳಲ್ಲ. ಆ ದಿನವೂ ಆಡಲಿಲ್ಲ.