ಡೇರೆಯಲ್ಲಿ ಅಪ್ಪ ಹೇಳಿದ್ದು

ಬಿಸಿಲಿಗೆ ಕಾದ ಡೇರೆಬಟ್ಟೆಯ ವಾಸನೆ ಬಂದರೆ ಈಗಲೂ ನನಗೆ ಹಾನಗಲ್ಲಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಅದು ಮಹಾಯುದ್ಧದ ಕಾಲ. ಹಳ್ಳಿಗಳ ಕ್ರೈಸ್ತ ಸಭೆಗಳಿಗೆ ಹಿರಿಯರನ್ನು ಆರಿಸಲು ಪಾದ್ರಿಗಳು ಅಲ್ಲಿ ಡೇರೆ ಹಾಕಿಸಿ ಮೂರು ದಿನದ ಧ್ಯಾನಕೂಟ ಇಟ್ಟಿದ್ದರು. ತಡಸದಿಂದ ಅಪ್ಪ, ಅವ್ವ, ನಾನು ಹೋಗಿದ್ದೆವು. ಕೊನೆಯ ದಿನ ಪಾದ್ರಿಗಳು, “ಮನಸ್ಸಿನ್ಯಾಗ ಮುಚ್ಚಿಟ್ಟಿದ್ದು ಏನರ ಇದ್ರ ದೇವರ ಮುಂದ ಹೇಳ್ರಿ” ಎಂದರು. ಅಪ್ಪ ರುಮಾಲು ಹಿಂಡುತ್ತ ಎದ್ದು ನಿಂತ.

“ಹ್ವಾದ ವರ್ಷ ನನ್ನ ಸಣ್ಣ ಮಗಳಿಗೆ ಜ್ವರ ಬಂದಿತ್ತರಿ. ಪ್ರಾರ್ಥನಾ ಮಾಡಿದ್ರ ಎಂಥಾ ಜಡ್ಡೂ ಹೋಗತದ ಅಂತ ಊರಾಗೆಲ್ಲ ಹೇಳಿದ್ದೆ. ದವಾಖಾನಿಗೆ ಒಯ್ದ್ರ, ಇವನ ಪ್ರಾರ್ಥನಾ ಸುಳ್ಳು ಅಂತ ಊರವ್ರು ನಗತಾರ ಅಂತ ಅಂಜಿದೆ. ಡಾಕ್ಟರು ಇಲ್ಲ ಅಂತ ಹೆಂಡ್ತಿಗೆ ಸುಳ್ಳು ಹೇಳಿದೆ. ಕೂಸು ಉಳೀಲಿಲ್ಲರಿ.”

“ದೇವರಿಗೆ ಸ್ತೋತ್ರ!” ಎಂದು ಜನ ಅಳುತ್ತ ಕೂಗಿದರು. ಪಾದ್ರಿಗಳು ಅಪ್ಪನ ತಲೆಯ ಮೇಲೆ ಕೈಯಿಟ್ಟು, ಅವನನ್ನೇ ನಮ್ಮೂರ ಸಭೆಗೆ ಹಿರಿಯನನ್ನಾಗಿ ನೇಮಿಸಿದರು. ನನ್ನ ಮುಂಗೈ ಹಿಡಿದಿದ್ದ ಅವ್ವನ ಬೆರಳುಗಳು ತಣ್ಣಗಾಗಿದ್ದವು.

ಊರಿಗೆ ಮರಳುವಾಗ ಬಂಡಿಯಲ್ಲಿ ಅವ್ವ ಕೇಳಿದಳು. “ಅಷ್ಟು ಮಂದಿ ಮುಂದ ಹೇಳಿದ್ರಿ. ಮನಿಯಾಗ ನನಗ ಯಾಕ ಹೇಳ್ಲಿಲ್ಲ?”

“ದೇವರು ಕ್ಷಮಾ ಮಾಡ್ಯಾನ” ಎಂದ ಅಪ್ಪ.

“ಹಡದಾಕಿ ನಾನು” ಎಂದಳು ಅವ್ವ. ಬಂಡಿಯಿಂದ ಇಳಿದು, ಉಳಿದ ದಾರಿಯನ್ನೆಲ್ಲ ಅದರ ಹಿಂದೆ ನಡೆದುಕೊಂಡೇ ಬಂದಳು.