ಮುಖ ಹೇಳುವ ಮಾತು

ಕ್ಲಬ್ಬಿನ ಪೋಕರ್ ಪಂದ್ಯದಲ್ಲಿ ಮೂವರು ಉಳಿದಿದ್ದರು: ಒಬ್ಬ ಹೆಂಗಸು, ಇಬ್ಬರು ಗಂಡಸರು. ಗೋವಾದ ಫೈನಲ್‌ಗೆ ಹೋಗುವವರು ಇಬ್ಬರೇ. ಸ್ಮಾಲ್ ಬ್ಲೈಂಡ್ ಅವಳದು, ಅಂದರೆ ಎಲೆ ನೋಡುವ ಮೊದಲೇ ಒಂದಿಷ್ಟು ಬಿಲ್ಲೆ ಕಟ್ಟಲೇಬೇಕಾದ ಸರದಿ. ಈ ಸರದಿ ಬಂದಾಗಲೆಲ್ಲ ಎದುರು ಕೂತವನು ಪಣ ಏರಿಸಿ ಅವಳನ್ನು ಹಿಂದೆ ಸರಿಸಿದ್ದ.

"ನನ್ನ ಹತ್ರ ಏನೂ ಇಲ್ಲ ಅಂತ ನಿಮಗೆ ಹೇಗೆ ಗೊತ್ತಾಗತ್ತೆ?"

"ಎಲೆ ನೋಡಿದ ತಕ್ಷಣ ನಿಮ್ಮ ಮುಖಾನೇ ಹೇಳ್ಬಿಡತ್ತೆ ಮೇಡಂ," ಎಂದು ಅವನು ನಕ್ಕ.

ಎಲೆ ಹಂಚಿದರು. ಅವನು ಮತ್ತೆ ಏರಿಸಿದ. ಅವಳು ತನ್ನ ಬಿಲ್ಲೆಗಳನ್ನೆಲ್ಲ ಮುಂದಕ್ಕೆ ತಳ್ಳಿದಳು. ಅದೇನೂ ದೊಡ್ಡ ರಾಶಿಯಲ್ಲ, ಆದರೆ ಅದಕ್ಕೆ ಸಮ ಕಟ್ಟಿ ಅವನು ಸೋತರೆ ಅವನ ರಾಶಿಯಲ್ಲಿ ಅರ್ಧ ಹೋಗುತ್ತಿತ್ತು. ಮೂರನೆಯವನು ಎಲೆ ಕೆಳಗಿಟ್ಟು ಈ ಸುತ್ತು ಬಿಟ್ಟ.

ಅವನು ಅವಳ ಕಣ್ಣು, ತುಟಿ, ಎಲೆಗಳ ಮೇಲಿಟ್ಟ ಬೆರಳು ಎಲ್ಲವನ್ನೂ ಜಾಲಾಡಿದ.

"ಈಗೇನು ಹೇಳ್ತಿದೆ ನನ್ನ ಮುಖ?"

"ಏನೂ ಹೇಳ್ತಿಲ್ಲ. ಅದಕ್ಕೇ ಅನುಮಾನ."

ಕೊನೆಗೆ ತನ್ನ ಜೋಡಿ ಗುಲಾಮರನ್ನು ಮೇಜಿಗೆ ಎಸೆದ. "ಇಂಥಾ ಎಲೇನೇ ಬಿಟ್ಟಿದೀನಿ. ನಿಮ್ಮ ಹತ್ರ ಏನಿತ್ತು, ಅದನ್ನಾದ್ರೂ ಹೇಳಿ."

"ಇರಿ, ನೋಡಿ ಹೇಳ್ತೀನಿ," ಎಂದು ಅವಳು ತನ್ನ ಎಲೆಗಳನ್ನು ಮೊದಲ ಸಲ ಎತ್ತಿದಳು.