ಗೌರಿಗೆ ತೋರಿಸಿದ ಕಪಾಟು

“ಇದೊಂದು ಹಚ್ಚರಿ ವಕೀಲರ,” ಎಂದು ಮಾರ್ತಾಂಡ ಇನ್ನೊಂದು ಫೋಟೋ ಮುಂದೆ ತಳ್ಳಿದ. ವಕೀಲ ಚನ್ನಬಸಯ್ಯನವರು ಕನ್ನಡಕ ಏರಿಸಿಕೊಂಡರು. ಮಗಳನ್ನು ತನ್ನ ವಶಕ್ಕೆ ಕೇಳುವ ಅವನ ಅರ್ಜಿಗೆ ಆಗಲೇ ಹನ್ನೊಂದು ಪುರಾವೆ ಲಗತ್ತಾಗಿದ್ದವು.

ವಿಷಯ ಸರಳ. ವಿಚ್ಛೇದನದಲ್ಲಿ ಏಳು ವರ್ಷದ ಮುಗ್ಧಾ ತಾಯಿಯ ಪಾಲಾಗಿದ್ದಳು. ಆ ತಾಯಿ ಶುಭದಾ ಒಂದು ತಿಂಗಳಿಂದ ಹಿಂಡಲಗಾ ಜೈಲಿನಲ್ಲಿದ್ದಾಳೆ. ಖಾನಾಪುರದಲ್ಲಿ ತಾನು ಕೆಲಸಕ್ಕಿದ್ದ ಬಂಗಾರದಂಗಡಿಯಿಂದ ನಾಲ್ಕು ಬಳೆ ಕದ್ದಳೆಂದು ದೂರು. ಯಾರೋ ಪುಣ್ಯಾತ್ಮ ಹೆಸರು ಹೇಳದೆ ಪೊಲೀಸರಿಗೆ ಫೋನ್ ಮಾಡಿದ್ದ. ಗೌರಿ ಹಬ್ಬದಲ್ಲಿ ದೇವಿ ಮನೆಗೆ ಬಂದ ಸಂಜೆಯೇ ಬಳೆಗಳು ಶುಭದಾಳ ಮನೆಯಲ್ಲಿ ಸಿಕ್ಕಿದ್ದವು. ಮುಗ್ಧಾ ಈಗ ಚಿಕ್ಕಮ್ಮ ಪ್ರಮಿಳಾಳ ಮನೆಯಲ್ಲಿ. ದಿನಾ ಶಾಲೆಯಿಂದ ಬಂದು ತಾಯಿಯ ದಾರಿ ನೋಡುತ್ತ ಬಾಗಿಲಲ್ಲಿ ಕೂತು, “ಆಯಿ ಇವತ್ತ ಬರ್ತಾಳೇನು?” ಎಂದು ಕೇಳುತ್ತಾಳೆ.

ಇದನ್ನು ಕೇಳಿ ಮಾರ್ತಾಂಡನ ಕರುಳು ಚುರ್ ಎಂದಿತು. ಪಾಪ, ಎರಡು ವರ್ಷ ಆ ಕರುಳು ಬೆಳಗಾವಿಯಲ್ಲಿ ಸುಖವಾಗಿ ಮಲಗಿತ್ತು. ಮಗಳ ಹುಟ್ಟುಹಬ್ಬ ಎರಡು ಸಲ ಬಂದುಹೋದರೂ ಅವನಿಗೆ ಖಾನಾಪುರದ ಬಸ್ಸು ಸಿಕ್ಕಿರಲಿಲ್ಲ. ಕೋರ್ಟಿನಲ್ಲಿ ಹೆಂಡತಿಯ ಎದುರು ಸೋತದ್ದನ್ನು ಮಾತ್ರ ಅವನು ಒಂದು ದಿನವೂ ಮರೆತಿರಲಿಲ್ಲ.

ಬಸ್ಸು ಸಿಕ್ಕಿದ್ದು ಒಮ್ಮೆ, ಈ ಸಲದ ಗೌರಿ ಹಬ್ಬಕ್ಕೆ. ಆ ಒಂದೇ ಭೇಟಿಯನ್ನು ನಾದಿ ನಾದಿ ಹನ್ನೆರಡು ಪುರಾವೆ ಮಾಡಿದ್ದ. ಬಸ್ ಟಿಕೆಟ್ಟು. ಮಧ್ಯಾಹ್ನ ಶುಭದಾಳ ಅಂಗಡಿಯಲ್ಲೇ ಮಗಳಿಗೆ ಕಾಲ್ಗೆಜ್ಜೆ ಕೊಂಡ ರಸೀದಿ. ತಾಯಿ ಎಂಥವಳೆಂದು ಕೋರ್ಟಿಗೆ ತಿಳಿಯಲಿ ಎಂದು, ಬಳೆ ಸಿಕ್ಕಾಗ ಪೊಲೀಸರು ಬರೆದ ಪಂಚನಾಮೆ. ಈಗ ಆ ಸಂಜೆ ಶುಭದಾಳ ಮನೆಯಲ್ಲಿ ನೆರೆಮನೆಯ ಸಾವಂತ್ರವ್ವ ತೆಗೆದ ಫೋಟೋ.

“ಇದರಾಗ ಬರೇ ಬಾಗಿಲಾ ತಗದ ಕಪಾಟ ಕಾಣಸ್ತದಲ್ಲೋ.”

“ಬಾಜೂಕ ನಾ ಅದೀನಲ್ರಿ!”

ಇದ್ದ, ಅರ್ಧ ಮೀಸೆಯಷ್ಟು. ನಡುವೆ ಮುಗ್ಧಾ ಗೌರಿಯ ಮುಖವಾಡವನ್ನು ಎದೆಗವಚಿಕೊಂಡು ನಿಂತಿದ್ದಳು. ಗೌರಿ ಬಂದ ದಿನ ಮನೆಯ ಹುಡುಗಿ ದೇವಿಯನ್ನು ಕೋಣೆಕೋಣೆಗೆ ಕರೆದೊಯ್ಯುವುದು, ಹೆಂಗಸರು ಡಬ್ಬಿ, ಕಪಾಟುಗಳನ್ನೆಲ್ಲ ತೆರೆದು ಮನೆಯ ಸಮೃದ್ಧಿ ತೋರಿಸುವುದು ಅಲ್ಲಿಯ ಪದ್ಧತಿ. ಮಾರ್ತಾಂಡನ ಪ್ರಕಾರ ಅದು ಹೆಂಗಸರ ಆಟ. ಫೋಟೋವನ್ನು ಹತ್ತು ಸಲ ನೋಡಿದ್ದ, ಹತ್ತು ಸಲವೂ ತನ್ನ ಮುಖವನ್ನೇ.

“ಮುಂದ?” ವಕೀಲರು ಪೆನ್ನು ಹಿಡಿದರು.

“ಫೋಟೋ ತಗದಕೂಡ್ಲೆ ಶುಭದಾ ಹೆಂಗಸರ ಜೋಡಿ ಬಾಜೂ ಮನಿಗೆ ಅರಿಷಿಣ-ಕುಂಕುಮಕ್ಕ ಹ್ವಾದ್ಲು. ಪೊಲೀಸರು ಅಕಿನ್ನ ಅಲ್ಲಿಂದನ ಕರಕೊಂಡು ಬಂದ್ರು. ಅಲ್ಲೀತನಾ ಮನ್ಯಾಗ ನಾನು, ನನ್ನ ಮಗಳು, ಇಬ್ಬರ. ಹಬ್ಬದ ದಿನ ಕೂಸಿನ ಜೋಡಿ ಇದ್ದಾಂವ ಅಪ್ಪ ಅಂತ ದಪ್ಪ ಅಕ್ಷರದಾಗ ಬರೀರಿ. ಖರೇನ ಹೇಳಾಕತ್ತೇನ್ರಿ.”

ಅವನ ಜನ್ಮದಲ್ಲಿ ಮೊದಲ ಸಲ ಅದು ಖರೇ ಆಗಿತ್ತು. ಪ್ರಮಾಣಪತ್ರಕ್ಕೆ ಸೊಗಸಾಗಿ ಸಹಿ ಹಾಕಿದ.

ಬೆಳಗಾವಿಯ ಕೋರ್ಟಿನಲ್ಲಿ ನ್ಯಾಯಾಧೀಶೆ ಪುಟ ತಿರುವುತ್ತ ಬಂದು ಹನ್ನೆರಡನೆಯ ಪುರಾವೆಯ ಹತ್ತಿರ ನಿಂತರು. ಅವರೂ ಮನೆಯಲ್ಲಿ ಗೌರಿ ಕೂರಿಸುವವರೇ. ಬಹಳ ಹೊತ್ತು ನೋಡಿದರು. ಮಾರ್ತಾಂಡ ಅಂಗಿಯ ಕಾಲರು ಸರಿಮಾಡಿಕೊಂಡ. ಹಿಂದಿನ ಬೆಂಚಿನಲ್ಲಿ ಮುಗ್ಧಾ ಚಿಕ್ಕಮ್ಮನ ಸೆರಗು ಬಿಗಿಯಾಗಿ ಹಿಡಿದಿದ್ದಳು. ಇವತ್ತು ಈ ಮನುಷ್ಯನ ಜೊತೆ ಹೋಗಬೇಕಾದೀತೆಂದು ಆ ಕೂಸಿಗೆ ಹೆದರಿಕೆಯಾಗಿತ್ತು.

“ಈ ಫೋಟೋ ಎಷ್ಟ ಗಂಟೆದ್ದು?”

“ಆರ ಗಂಟೆದ್ರಿ.”

“ಪೊಲೀಸರು ಬಂದಿದ್ದು?”

“ಎಂಟಕ್ರಿ.”

“ನಡುವ ಮನ್ಯಾಗ ನೀವು ಮತ್ತ ಕೂಸು, ಇಬ್ಬರ?”

“ಒಂದ ನಿಮಿಷನೂ ಹೊರಗ ಹೋಗಿಲ್ರಿ ಮೇಡಂ!” ಪಿತೃವಾತ್ಸಲ್ಯದಿಂದ ಅವನು ಎದೆ ತಟ್ಟಿಕೊಂಡ. “ಬೇರೆ ಯಾರೂ ಒಳಗ ಬಂದೂ ಇಲ್ರಿ.”

ನ್ಯಾಯಾಧೀಶೆ ಪಂಚನಾಮೆಯನ್ನು ತೆಗೆದು ಫೋಟೋದ ಪಕ್ಕ ಇಟ್ಟರು. ಬಾಗಿಲಲ್ಲಿದ್ದ ಪೊಲೀಸನನ್ನು ಕಣ್ಣಿನಿಂದಲೇ ಹತ್ತಿರ ಕರೆದರು.

“ಎಂಟಕ್ಕ ಬಳೆ ಸಿಕ್ಕಿದ್ದು ಇದ ಕಪಾಟಿನ ಮ್ಯಾಲಿನ ಹಲಗಿ ಮ್ಯಾಲ ಅಂತ ಬರದಾರ, ಆರಕ್ಕ ಗೌರಿಗೆ ತೋರಿಸಿದಾಗ ಆ ಹಲಗಿ ಖಾಲಿ ಐತಲ್ರಿ, ಮಾರ್ತಾಂಡ ಅವರ?”